ಎಷ್ಟು ಬಿಸಿಯಾದರೆ ಬಿಸಿ?

ಹೊಸ ಗೇಮಿಂಗ್ ಪಿಸಿ ತಗೊಂಡವರು ಮೊದಲ ವಾರ ಗೇಮ್ ಆಡ್ತಾರೆ. ಎರಡನೇ ವಾರ ಸ್ಕ್ರೀನಿನ ಮೂಲೆಯಲ್ಲಿ ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಒಂದು ಸಾಫ್ಟ್‌ವೇರ್ ಹಾಕ್ಕೊಳ್ತಾರೆ. ಅಲ್ಲಿಗೆ ನೆಮ್ಮದಿ ಮುಗೀತು. 82, 85, 88... ಶತ್ರು ಎದುರಿಗೇ ಬಂದು ನಿಂತಿದ್ದರೂ ಕಣ್ಣು ಮಾತ್ರ ಮೂಲೆಯ ಅಂಕಿಯ ಮೇಲೆ. ಸಾಫ್ಟ್‌ವೇರ್ ಕೆಲಸದಲ್ಲಿದ್ದೀನಿ ಅನ್ನೋ ಒಂದೇ ಕಾರಣಕ್ಕೆ ಈ ಪ್ರಶ್ನೆ ನನ್ನ ಹತ್ತಿರವೂ ಬರುತ್ತೆ: "70 ದಾಟಬಾರದು ಅಂತಾರಲ್ಲ, ನಂದು 88 ತೋರಿಸ್ತಿದೆ. ಸುಟ್ಟುಹೋಗುತ್ತಾ?"

ಒಂದೇ ಮಾತಿನ ಉತ್ತರ ಬೇಕಿದ್ದರೆ, ಇಲ್ಲ, ಸುಡಲ್ಲ. ಆದರೆ ಆ 70 ಅನ್ನೋ ಅಂಕಿ ಬಂದದ್ದು ಎಲ್ಲಿಂದ, ಅದು ಯಾವತ್ತೋ ನಿಜವಾಗಿತ್ತಾ, ಈಗ ಯಾಕಲ್ಲ ಅನ್ನೋದಕ್ಕೆ ಸುಮಾರು ಅರವತ್ತು ವರ್ಷದ ಕತೆ ಇದೆ. ಅದು ಗೊತ್ತಿದ್ದರೆ ಮುಂದಿನ ಸಲ ಯಾರನ್ನೂ ಕೇಳಬೇಕಾಗಿಲ್ಲ.

1965ರಲ್ಲಿ ಗಾರ್ಡನ್ ಮೂರ್ ಒಂದು ಪುಟ್ಟ ಲೇಖನ ಬರೆದರು. ಚಿಪ್ಪಿನೊಳಗಿನ ಬಿಡಿಭಾಗಗಳ ಸಂಖ್ಯೆ ವರ್ಷ ವರ್ಷ ದುಪ್ಪಟ್ಟಾಗುತ್ತೆ ಎಂದ, ಮುಂದೆ 'ಮೂರ್ ನಿಯಮ' ಅಂತ ಹೆಸರಾದ ಲೇಖನವೇ ಅದು. ಅದರಲ್ಲೇ ಅವರು ಇಷ್ಟೊಂದನ್ನು ಒಂದೇ ಚಿಪ್ಪಿನಲ್ಲಿ ತುರುಕಿದರೆ ಶಾಖ ಹೊರಹಾಕೋದು ಹೇಗೆ ಅನ್ನೋ ಪ್ರಶ್ನೆಯನ್ನೂ ಎತ್ತಿ, ತೊಂದರೆಯಾಗಲಿಕ್ಕಿಲ್ಲ ಅಂತ ತಾವೇ ಸಮಾಧಾನ ಹೇಳಿದ್ದರು. 1974ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಆ ಸಮಾಧಾನಕ್ಕೆ ಲೆಕ್ಕದ ಆಧಾರ ಕೊಟ್ಟರು. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬಹುದು. ಹಾಗೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ಕೂತು ಹೆಚ್ಚು ವೇಗವಾಗಿ ಓಡಿದರೂ ಒಟ್ಟು ಬಿಸಿ ಹೆಚ್ಚಲ್ಲ. ಚಿಪ್ ಕಟ್ಟುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಇನ್ನೇನು ಬೇಕು?

ವೋಲ್ಟೇಜ್ ಇಲ್ಲಿ ಯಾಕಷ್ಟು ಮುಖ್ಯ ಅಂದ್ರೆ, ಪ್ರೊಸೆಸರ್ ತಿನ್ನುವ ವಿದ್ಯುತ್ತು ಅದರ ವೇಗಕ್ಕೆ ತಕ್ಕಂತೆ ಏರುತ್ತೆ, ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ವೋಲ್ಟೇಜ್ ಅರ್ಧ ಮಾಡಿದರೆ ಖರ್ಚು ಕಾಲು ಭಾಗಕ್ಕೆ ಇಳೀತು. ತಿಂದ ವಿದ್ಯುತ್ತೆಲ್ಲ ಕೊನೆಗೆ ಆಗೋದು ಶಾಖವೇ.

ಹೀಗಾಗಿ ಬಹಳ ಕಾಲ ಬಿಸಿ ಅನ್ನೋದು ಮನೆ ಕಂಪ್ಯೂಟರಿನ ಚಿಂತೆಯೇ ಆಗಿರಲಿಲ್ಲ. 1985ರ 386 ಪ್ರೊಸೆಸರ್ ಹೀಟ್‌ಸಿಂಕೂ ಇಲ್ಲದೆ, ಫ್ಯಾನೂ ಇಲ್ಲದೆ ಬರಿಮೈಯಲ್ಲೇ ಮದರ್‌ಬೋರ್ಡಿನ ಮೇಲೆ ಕೂತಿರ್ತಿತ್ತು. 486 ಕಾಲದಲ್ಲಿ, ಅದರಲ್ಲೂ 1992ರ 66 ಮೆಗಾಹರ್ಟ್ಸ್ ಮಾದರಿ ಬಂದ ಮೇಲೆ, ತಲೆ ಮೇಲೊಂದು ಹೀಟ್‌ಸಿಂಕ್ ಬಂತು. 1993ರ ಮೊದಲ ಪೆಂಟಿಯಂ 5 ವೋಲ್ಟಿನಲ್ಲಿ ಓಡ್ತಾ 15 ವ್ಯಾಟ್ ಆಸುಪಾಸು ತಿಂತಿತ್ತು. ಇಷ್ಟೊಂದು ಬಿಸಿಯಾ ಅಂತ ಆಗ ಜನ ಹುಬ್ಬೇರಿಸಿದ್ದರು. ಇವತ್ತು ಗೇಮಿಂಗ್‌ಗೆ ಮಾರುವ ದೊಡ್ಡ ಪ್ರೊಸೆಸರುಗಳಲ್ಲಿ ಕೆಲವು ಪೂರ್ತಿ ಶಕ್ತಿ ಹಾಕಿದಾಗ 253 ವ್ಯಾಟ್ ತನಕ ಹೋಗಬಹುದು ಅಂತ ಕಂಪನಿಯೇ ಬರೆದುಕೊಡುತ್ತೆ.

ಆ ದಿನಗಳಲ್ಲಿ ಬಿಸಿ ಕಾಯೋ ಕೆಲಸ ಮನುಷ್ಯನದ್ದಾಗಿತ್ತು. ಫ್ಯಾನ್ ನಿಂತುಹೋಯ್ತು ಅಂದ್ರೆ ಪ್ರೊಸೆಸರಿಗೆ ಅದು ಗೊತ್ತೂ ಆಗ್ತಿರಲಿಲ್ಲ. ಅದರ ಪರಿಣಾಮ ಏನು ಅಂತ ಜಗತ್ತಿಗೆ ಕಣ್ಣಾರೆ ತೋರಿಸಿದ್ದು ಒಂದು ಗೇಮ್. 2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್‌ನವರು ನಾಲ್ಕು ಪ್ರೊಸೆಸರ್ ತಗೊಂಡು ಅವುಗಳ ಮೇಲೆ ಕ್ವೇಕ್ 3 ಓಡಿಸಿದರು. ಗೇಮ್ ನಡೀತಿರುವಾಗಲೇ ಹೀಟ್‌ಸಿಂಕ್ ಕಿತ್ತು ತೆಗೆದರು, ಅದನ್ನು ವಿಡಿಯೋ ಮಾಡಿದರು. ಪೆಂಟಿಯಂ 3 ಗಪ್ಪಂತ ನಿಂತುಹೋಯ್ತು, ಆದರೆ ಸಾಯಲಿಲ್ಲ. ಎಎಂಡಿಯ ಎರಡು ಅಥ್ಲಾನ್‌ಗಳು ಸುಟ್ಟವು. ಹೊಗೆ ಎದ್ದದ್ದು ವಿಡಿಯೋದಲ್ಲೇ ಇದೆ. ಪೆಂಟಿಯಂ 4 ಮಾತ್ರ ಬೇರೆ ಥರ ನಡೆದುಕೊಂಡಿತು. ಗೇಮ್ ಆಮೆ ನಡಿಗೆಗೆ ಇಳಿಯಿತು, ಆದರೆ ನಿಲ್ಲಲಿಲ್ಲ. ಹೀಟ್‌ಸಿಂಕ್ ವಾಪಸ್ ಇಟ್ಟ ಮೇಲೆ ಏನೂ ಆಗದ ಹಾಗೆ ಹಳೆಯ ವೇಗಕ್ಕೆ ಬಂತು.

ನನ್ನ ಪ್ರಕಾರ ನಮ್ಮ ಕತೆಯ ತಿರುವು ಇದೇ. ಪೆಂಟಿಯಂ 4ರೊಳಗೆ ಒಬ್ಬ ಕಾವಲುಗಾರ ಕೂತಿದ್ದ. ಬಿಸಿ ಮಿತಿ ಮುಟ್ಟಿದ ತಕ್ಷಣ ಯಾರ ಅಪ್ಪಣೆಗೂ ಕಾಯದೆ ತಾನೇ ವೇಗ ತಗ್ಗಿಸುವ ಸರ್ಕ್ಯೂಟ್ ಅದು. ಇದಕ್ಕೆ ಈಗ ಥ್ರಾಟ್ಲಿಂಗ್ ಅಂತೀವಿ. ಸುಟ್ಟ ಅಥ್ಲಾನ್‌ಗಳಲ್ಲಿ ಹೊಸದೊಂದರಲ್ಲಿ ಬಿಸಿ ಅಳೆಯುವ ಡಯೋಡ್ ಇತ್ತು. ಆದರೆ ಅದರ ಮಾತು ಕೇಳಿ ಕರೆಂಟ್ ಕಡಿಯಬೇಕಾದ ವ್ಯವಸ್ಥೆ ಆ ಮದರ್‌ಬೋರ್ಡಿನಲ್ಲಿ ಇರಲಿಲ್ಲ. ಎರಡು ವರ್ಷದ ಮೇಲೆ ಬಂದ ಅಥ್ಲಾನ್ 64ರಲ್ಲಿ ಎಎಂಡಿಯೂ ಆ ರಕ್ಷಣೆಯನ್ನು ಚಿಪ್ಪಿನೊಳಗೇ ಇಟ್ಟಿತು. ಅಲ್ಲಿಂದಾಚೆಗೆ ಗೇಮ್ ಆಡ್ತಾ ಆಡ್ತಾ ಬರೀ ಬಿಸಿಯಿಂದ ಪ್ರೊಸೆಸರ್ ಸುಟ್ಟು ಹೊಗೆ ಬರೋ ಕಾಲ ಹೆಚ್ಚುಕಮ್ಮಿ ಮುಗೀತು. ಆ ಭಯ ಮಾತ್ರ ಇನ್ನೂ ಉಳಿದಿದೆ.

ಕಾವಲುಗಾರ ಬಂದದ್ದು ಒಳ್ಳೇ ಸಮಯಕ್ಕೇ. ಅದೇ 2001ರಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ ಒಂದು ಸಮ್ಮೇಳನದಲ್ಲಿ, ಹೀಗೇ ಹೋದರೆ ಚಿಪ್ಪಿನ ಪ್ರತಿ ಚದರ ಸೆಂಟಿಮೀಟರಿನ ಶಾಖ ಮೊದಲು ಅಣುಸ್ಥಾವರದ ಮಟ್ಟಕ್ಕೆ, ಆಮೇಲೆ ರಾಕೆಟ್ ನಳಿಕೆಯ ಮಟ್ಟಕ್ಕೆ, ಕೊನೆಗೆ ಸೂರ್ಯನ ಮೇಲ್ಮೈ ಮಟ್ಟಕ್ಕೆ ಮುಟ್ಟುತ್ತೆ ಅಂತ ಎಚ್ಚರಿಸಿದ್ದರು. ಡೆನಾರ್ಡ್ ಲೆಕ್ಕ ಕೈಕೊಡಲು ಶುರುವಾಗಿತ್ತು. ವೋಲ್ಟೇಜನ್ನು ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಿದರೆ, ಆಫ್ ಆಗಿರಬೇಕಾದ ಟ್ರಾನ್ಸಿಸ್ಟರುಗಳಿಂದಲೂ ಕರೆಂಟ್ ಸೋರುತ್ತಿತ್ತು, ವಾಷರ್ ಸವೆದ ನಲ್ಲಿಯ ಹಾಗೆ. 2004ರ ಪೆಂಟಿಯಂ 4, ಪ್ರೆಸ್ಕಾಟ್ ಅನ್ನೋ ಅಡ್ಡಹೆಸರಿನದ್ದು, 100 ವ್ಯಾಟ್ ದಾಟಿತು. ಅದೇ ವರ್ಷ ಇಂಟೆಲ್ 4 ಗಿಗಾಹರ್ಟ್ಸ್ ಮಾದರಿಯನ್ನೇ ಕೈಬಿಟ್ಟಿತು, ಕಂಪನಿಯ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಒಂದು ಸಭೆಯ ವೇದಿಕೆಯ ಮೇಲೆ ಮಂಡಿಯೂರಿ ತಮಾಷೆಯಾಗಿ ಕ್ಷಮೆ ಕೇಳಿದರು. ವೇಗ ಏರಿಸುವ ಓಟ ಅಲ್ಲಿಗೆ ಮುಗಿದು, ಕೋರ್‌ಗಳ ಸಂಖ್ಯೆ ಏರಿಸುವ ಓಟ ಶುರುವಾಯ್ತು. 2006ರ ಕೋರ್ 2 ಡ್ಯುಯೊ 65 ವ್ಯಾಟಿಗೆ ಇಳಿದು ಬಂತು.

ಈಗ ಆ 70ರ ವಿಷಯಕ್ಕೆ ಬರೋಣ.

ನಮ್ಮೂರ ಕಡೆ ತೋಟದ ಮೋಟರ್ ಬಿಸಿಯಾಗಿದೆಯಾ ಅಂತ ನೋಡೋಕೆ ಅದರ ಮೈ ಮುಟ್ಟಿ ನೋಡ್ತಾರೆ. ಕೈಗೆ ಸಿಗೋದು ಹೊರಗಿನ ಕಬ್ಬಿಣದ ಬಿಸಿ. ಒಳಗಿನ ಕಾಯಿಲ್ ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತೆ. ಪ್ರೊಸೆಸರಿನಲ್ಲೂ ಹೀಗೇ ಎರಡು ಅಳತೆ. ಆ ಕಾಲದಲ್ಲಿ ಇಂಟೆಲ್ ಪ್ರಕಟಿಸ್ತಿದ್ದದ್ದು ಚಿಪ್ಪಿನ ಮೇಲಿನ ಲೋಹದ ಮುಚ್ಚಳದ ನಡುಭಾಗದ ಮಿತಿ. ಕೋರ್ 2 ಕಾಲದ ಮಾದರಿಗಳಲ್ಲಿ ಅದು 60-70 ಡಿಗ್ರಿಯ ಆಸುಪಾಸು ಇರ್ತಿತ್ತು. ಅದೇ ಹೊತ್ತಿಗೆ ಪ್ರತಿ ಕೋರ್‌ನ ಒಳಗೇ ಡಿಜಿಟಲ್ ಸೆನ್ಸರ್ ಬಂತು. ನಾವು ಸ್ಕ್ರೀನಿನಲ್ಲಿ ನೋಡೋದು ಈ ಒಳಗಿನ ಬಿಸಿಯನ್ನು. ಮುಚ್ಚಳದ ಮಿತಿಯನ್ನು ಕಾಯಿಲಿನ ಅಳತೆಗೆ ಹೋಲಿಸಿದರೆ ಗಾಬರಿಯಾಗದೆ ಇನ್ನೇನಾಗುತ್ತೆ? 70ರ ಮಾತು ಹಬ್ಬಿದ್ದು ಈ ಗೊಂದಲದಲ್ಲೇ ಅಂತ ನನ್ನ ಅಂದಾಜು.

ಒಳಗಿನ ಸೆನ್ಸರಿನದ್ದೂ ಒಂದು ತಮಾಷೆ ಇದೆ. ಇಂಟೆಲ್‌ನ ಸೆನ್ಸರ್ ಇಷ್ಟು ಡಿಗ್ರಿ ಅಂತ ನೇರವಾಗಿ ಹೇಳಲ್ಲ, ಮಿತಿ ಮುಟ್ಟೋಕೆ ಇನ್ನೆಷ್ಟು ಬಾಕಿ ಅಂತ ಹೇಳುತ್ತೆ. ಆ ಮಿತಿ ಎಷ್ಟು ಅಂತ ಕೋರ್ 2 ಡೆಸ್ಕ್‌ಟಾಪ್ ಚಿಪ್‌ಗಳಿಗೆ ಇಂಟೆಲ್ ಬಾಯಿಬಿಟ್ಟದ್ದು 2008ರಲ್ಲಿ. ಅಲ್ಲಿತನಕ ಸಾಫ್ಟ್‌ವೇರ್ ಬರೆಯುವವರು ಊಹೆ ಮಾಡ್ತಿದ್ದರು: ಒಂದು 85 ಅಂದುಕೊಂಡರೆ ಇನ್ನೊಂದು 100 ಅಂದುಕೊಳ್ತಿತ್ತು. ಒಂದೇ ಚಿಪ್, ಒಂದೇ ಕ್ಷಣ, ಎರಡು ಸಾಫ್ಟ್‌ವೇರಿನಲ್ಲಿ 15 ಡಿಗ್ರಿ ವ್ಯತ್ಯಾಸ! ಎಎಂಡಿಯೂ ಕಮ್ಮಿಯಿಲ್ಲ. 2017ರಲ್ಲಿ ಬಂದ ರೈಜೆನ್ 1700ಎಕ್ಸ್, 1800ಎಕ್ಸ್ ಎರಡೂ ನಿಜವಾದ ಬಿಸಿಗೆ 20 ಡಿಗ್ರಿ ಸೇರಿಸಿ ತೋರಿಸ್ತಿದ್ದವು. ಎಲ್ಲ ಮಾದರಿಗಳಲ್ಲೂ ಫ್ಯಾನ್ ಒಂದೇ ರೀತಿ ನಡೆಯಲಿ ಅಂತ ಬೇಕೆಂದೇ ಹಾಗೆ ಮಾಡಿದ್ದು ಅಂತ ಕಂಪನಿ ಹೇಳಿತು. ಅಷ್ಟರಲ್ಲಿ ಎಷ್ಟು ಜನ ಹೊಸ ಕೂಲರ್ ತಂದರೋ!

ಇನ್ನೂ ದೊಡ್ಡ ಬದಲಾವಣೆ ಅಂದ್ರೆ ಮಿತಿಯ ಅರ್ಥವೇ ಬದಲಾಗಿದ್ದು. 2008ರ ಕೊನೆಯಲ್ಲಿ ಇಂಟೆಲ್ ಟರ್ಬೊ ಬೂಸ್ಟ್ ತಂತು. ಬಿಸಿಗೆ ಇನ್ನೂ ಜಾಗ ಇದ್ದರೆ ಚಿಪ್ ತಾನಾಗಿಯೇ ವೇಗ ಏರಿಸಿಕೊಳ್ಳುತ್ತೆ. ಅಲ್ಲಿತನಕ ಮಿತಿ ಅಂದ್ರೆ ದಾಟಬಾರದ ಗೆರೆ. ಈಗ ಅದು ಖರ್ಚು ಮಾಡೋಕೆ ಕೊಟ್ಟ ಬಜೆಟ್. 2022ರ ರೈಜೆನ್ 7000 ಸರಣಿಯಲ್ಲಿ ಎಎಂಡಿ ಇದನ್ನು ಬಿಚ್ಚಿಯೇ ಹೇಳಿತು: ಭಾರಿ ಕೆಲಸ ಕೊಟ್ಟಾಗ ಈ ಚಿಪ್‌ಗಳು 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲೋ ಹಾಗೇ ವಿನ್ಯಾಸವಾಗಿವೆ, ಅದರಿಂದ ಹಾನಿಯಿಲ್ಲ. ಅಂಥ ಚಿಪ್ಪಿಗೆ ದೊಡ್ಡ ಕೂಲರ್ ಹಾಕಿದರೂ ವಿಡಿಯೋ ರೆಂಡರ್‌ನಂಥ ಕೆಲಸದಲ್ಲಿ ಅದು 95ನ್ನೇ ತೋರಿಸಬಹುದು, ಸ್ವಲ್ಪ ಹೆಚ್ಚು ವೇಗದಲ್ಲಿ ಅಷ್ಟೇ. ಗೇಮ್‌ಗಳು ಸಾಮಾನ್ಯವಾಗಿ ಎಲ್ಲ ಕೋರ್‌ಗಳನ್ನೂ ಪೂರ್ತಿ ದುಡಿಸಲ್ಲ, ಹಾಗಾಗಿ ಅಲ್ಲಿ ಅಂಕಿ ಕೆಳಗೇ ಇರುತ್ತೆ. ಮಿತಿ ಕೂಡ ಮಾದರಿಯಿಂದ ಮಾದರಿಗೆ ಬೇರೆ. ಗೇಮರುಗಳಿಗೆ ಅಂತಲೇ ಬಂದ ರೈಜೆನ್ 7800ಎಕ್ಸ್3ಡಿಯಲ್ಲಿ ಕ್ಯಾಶ್ ಮೆಮರಿಯನ್ನು ಕೋರ್‌ಗಳ ಮೇಲೆ ಹೊದಿಕೆ ಥರ ಇಟ್ಟಿದ್ದರಿಂದ ಮಿತಿ 89. 2024ರ 9800ಎಕ್ಸ್3ಡಿಯಲ್ಲಿ ಅದೇ ಹೊದಿಕೆಯನ್ನು ಹಾಸಿಗೆ ಮಾಡಿ ಕೆಳಗೆ ಹಾಕಿದರು, ಮಿತಿ 95ಕ್ಕೆ ಏರಿತು. ಇಂಟೆಲ್‌ನ ಐ9-13900ಕೆಯಲ್ಲಿ ಅದು 100.

ಹಾಗಾದ್ರೆ ಬಿಸಿಯಿಂದ ಏನೂ ಆಗಲ್ವಾ? ಆಗುತ್ತೆ, ಆದರೆ ನಿಧಾನಕ್ಕೆ. ಚಿಪ್ಪಿನೊಳಗಿನ ಲೋಹದ ಎಳೆಗಳಲ್ಲಿ ಕರೆಂಟ್ ಹರಿದು ಹರಿದು ಲೋಹದ ಕಣಗಳೇ ಜಾಗ ಬಿಟ್ಟು ಸರಿಯುತ್ತವೆ. ಬಿಸಿ ಹೆಚ್ಚಾದಷ್ಟೂ ಈ ಸವೆತ ಬೇಗ. ಮೋಟರೋಲಾದ ಜೇಮ್ಸ್ ಬ್ಲ್ಯಾಕ್ ಇದಕ್ಕೆ ಸಮೀಕರಣ ಕೊಟ್ಟದ್ದು 1969ರ ಸುಮಾರಿಗೆ. ಕಂಪನಿಗಳು ಮಿತಿ ಇಡುವಾಗ ಇಂಥ ಸವೆತವನ್ನೂ ಲೆಕ್ಕಕ್ಕೆ ತಗೊಂಡಿರುತ್ತವೆ.

ಆದರೆ ಆ ಲೆಕ್ಕವೇ ತಪ್ಪಿದರೆ? 2024ರಲ್ಲಿ ಅದೂ ಆಯ್ತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್ ಇದ್ದವರ ಗೇಮ್‌ಗಳು ಕ್ರ್ಯಾಶ್ ಆಗತೊಡಗಿದವು. ಕೆಲವು ಗೇಮ್‌ಗಳು ಗ್ರಾಫಿಕ್ಸ್ ಮೆಮರಿ ಸಾಲದು ಅಂತ ಸಂದೇಶ ತೋರಿಸ್ತಿದ್ದವು. ತಪ್ಪು ಗ್ರಾಫಿಕ್ಸ್ ಕಾರ್ಡಿನದ್ದಾಗಿರಲಿಲ್ಲ. ಪ್ರೊಸೆಸರಿನ ಮೈಕ್ರೊಕೋಡ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳ್ತಿತ್ತು ಅಂತ ಇಂಟೆಲ್ ಜುಲೈನಲ್ಲಿ ಒಪ್ಪಿಕೊಂಡಿತು. ಹೆಚ್ಚು ವೋಲ್ಟೇಜ್ ಮತ್ತು ಬಿಸಿ ಸೇರಿ ಒಳಗಿನ ಒಂದು ಸರ್ಕ್ಯೂಟ್ ಬೇಗ ಮುಪ್ಪಾಗ್ತಿತ್ತು ಅಂತ ಸೆಪ್ಟೆಂಬರಿನಲ್ಲಿ ವಿವರಿಸಿತು. ಬಯಾಸ್ ಅಪ್‌ಡೇಟ್‌ಗಳು ಬಂದವು, ವಾರಂಟಿ ಎರಡು ವರ್ಷ ಮುಂದಕ್ಕೆ ಹೋಯ್ತು. ಆದರೆ ಅದಾಗಲೇ ಹಾಳಾದ ಚಿಪ್ಪನ್ನು ಯಾವ ಅಪ್‌ಡೇಟೂ ಸರಿ ಮಾಡಲ್ಲ. ಬಿಸಿಯ ಕಾವಲುಗಾರ ಎಚ್ಚರವಾಗಿಯೇ ಇದ್ದರೂ ಈ ಹಾನಿ ಆಗಿತ್ತು. ಕಳ್ಳ ಬಂದದ್ದು ವೋಲ್ಟೇಜಿನ ಬಾಗಿಲಿಂದ.

ಇಷ್ಟೆಲ್ಲ ಕತೆಯಿಂದ ನಾನು ಇಟ್ಟುಕೊಂಡಿರೋ ಪಾಠ ಸಣ್ಣದು. ಯಾರಾದ್ರೂ ಡಿಗ್ರಿ ಹೇಳಿದರೆ ಯಾವ ಚಿಪ್, ಅದರ ಮಿತಿ ಎಷ್ಟು ಅಂತ ಮೊದಲು ಕೇಳ್ತೀನಿ. ಕಂಪನಿಯ ಪುಟದಲ್ಲಿ ಅದು ಬರೆದಿರುತ್ತೆ. ಗೇಮ್ ಆಡುವಾಗ ಮಿತಿಗಿಂತ ಹತ್ತು ಡಿಗ್ರಿ ಕೆಳಗಿದ್ದರೆ ಆ ಸಾಫ್ಟ್‌ವೇರನ್ನೇ ಮುಚ್ಚಿ ಆಟ ಆಡಿ. ಮಿತಿ ಮುಟ್ಟುತ್ತಿದ್ದರೆ ಡಿಗ್ರಿ ಬಿಟ್ಟು ಗಿಗಾಹರ್ಟ್ಸ್ ನೋಡಿ. ಕಂಪನಿ ಬರೆದುಕೊಟ್ಟ ಬೇಸ್ ವೇಗಕ್ಕಿಂತಲೂ ಕೆಳಗೆ ಕುಸೀತಿದ್ದರೆ ನೀವು ದುಡ್ಡು ಕೊಟ್ಟ ವೇಗ ನಿಮಗೆ ಸಿಗ್ತಿಲ್ಲ ಅಂತ ಅರ್ಥ. ಆಗ ಧೂಳು ತೆಗೆಯೋದು, ಥರ್ಮಲ್ ಪೇಸ್ಟ್ ಬದಲಿಸೋದು, ಗೋಡೆಗೆ ಒತ್ತಿಟ್ಟ ಕ್ಯಾಬಿನೆಟ್ಟನ್ನು ಒಂದು ಗೇಣು ಈಚೆ ಎಳೆಯೋದು, ಇವನ್ನು ಮಾಡಿ. ಹೊಸ ಕೂಲರ್ ಆಮೇಲೆ. ಕೋಣೆಯ ಬಿಸಿಯನ್ನೂ ಮರೀಬೇಡಿ. ಎಸಿ ಹಾಕಿದ ಬೆಂಗಳೂರಿನ ರೂಮಿನಲ್ಲಿ 72 ತೋರಿಸಿದ ಪಿಸಿಯನ್ನು ಬೇಸಿಗೆ ರಜೆಗೆ ರಾಯಚೂರಿಗೆ ಒಯ್ದರೆ ಅದೇ ಗೇಮ್‌ಗೆ 85ರ ಮೇಲೆ ತೋರಿಸೋದು ಸಹಜ.

ನಿಜಕ್ಕೂ ಗಮನಿಸಬೇಕಾದ್ದು ಬದಲಾವಣೆಯನ್ನು. ಹೋದ ವರ್ಷ ಅದೇ ಗೇಮ್, ಅದೇ ಕೋಣೆ, ಅದೇ ಸೆಟ್ಟಿಂಗಿನಲ್ಲಿ 75 ಇದ್ದದ್ದು ಈ ವರ್ಷ 90 ಆಗಿದ್ದರೆ ಯಾವುದೋ ಫ್ಯಾನ್ ನಿಂತಿದೆ, ಇಲ್ಲವೇ ಪೇಸ್ಟ್ ಒಣಗಿದೆ, ಇಲ್ಲವೇ ಧೂಳು ತುಂಬಿದೆ. ಜೊತೆಗೆ ಮದರ್‌ಬೋರ್ಡಿನ ಬಯಾಸ್ ಅಪ್‌ಡೇಟ್ ಬಂದಿದೆಯಾ ಅಂತ ಆರು ತಿಂಗಳಿಗೊಮ್ಮೆ ನೋಡಿ. 2024ರಲ್ಲಿ ಪ್ರೊಸೆಸರುಗಳನ್ನು ಉಳಿಸಿದ್ದು ಕೂಲರ್ ಅಲ್ಲ, ಅದು.