ಅಡಿಗಿಮನ್ಯಾಗ ತಯಾರಾದ ಹೆಡ್‌ಫೋನು

ತಿಕೋಟಾ ಬಸ್ಸಿನ್ಯಾಗ ಹಾಡು ಕೇಳಾಕ ಸೋವಿದು ಯಾವ ಹೆಡ್‌ಫೋನು ಚೊಲೋ ಅಂತ ವೈನಿ ಕೇಳ್ಯಾರ. ಮೊದಲ ಅದರ ಇತಿಹಾಸ ಕೇಳ್ರಿ.

1910ರ ಸುಮಾರಿಗೆ ಅಮೆರಿಕಾದ ಯೂಟಾದಾಗ ನಥಾನಿಯಲ್ ಬಾಲ್ಡ್ವಿನ್ ಅನ್ನಾಂವ ತನ್ನ ಅಡಿಗಿಮನ್ಯಾಗ ಕುಂತು ಹೆಡ್‌ಫೋನು ಮಾಡಿ ನೌಕಾಪಡೆಗೆ ಮಾರಿದ. (ಅಡಿಗಿಮನ್ಯಾಗ ಬರೇ ರೊಟ್ಟಿ ಬಡಿಯೂದಲ್ಲ ಅಂತ ನಿಮ್ಮ ಮನ್ಯಾಗೂ ಹೇಳ್ರಿ.) ಅವು ವೈರ್‌ಲೆಸ್ ಸಂದೇಶ ಕೇಳಾಕ. ಹಾಡಿನ ಸಲುವಾಗಿ ಸ್ಟೀರಿಯೋ ಹೆಡ್‌ಫೋನು ತಂದಾಂವ ಜಾನ್ ಕಾಸ್, 1958ರಾಗ. 1979ರಾಗ ಸೋನಿ ವಾಕ್‌ಮನ್ ಜೋಡಿ ಸ್ಪಂಜಿನ ಹಗುರ ಹೆಡ್‌ಫೋನು ಬಂತು. ಅಲ್ಲಿಂದ ಹಾಡು ನಮ್ಮ ಜೋಡಿ ನಡಿಯಾಕ ಹತ್ತಿತು.

ಸ್ಪಂಜಿಂದು ಕಿವಿ ಮ್ಯಾಲ ಕುಂಡರತದ, ದನಿ ಬಿಚ್ಚಿ ಕೇಳಸ್ತದ. ಆದ್ರ ಬಸ್ಸಿನ ಗದ್ದಲಾನೂ ಒಳಗ ಬರತದ. ಅದನ್ನ ಮುಚ್ಚಾಕ ನಾವು ಆವಾಜ ಏರಸ್ತೀವಿ, ಕಿವಿ ಕೆಡೂದ ಅಲ್ಲೆ. ಕಿವಿಯೊಳಗ ಇಡೂ ರಬ್ಬರಿಂದು ಗದ್ದಲ ತಡೀತದ, ಸಣ್ಣ ಆವಾಜ ಸಾಕಾಗತದ. ಆದ್ರ ರಬ್ಬರ ನಿಮ್ಮ ಕಿವಿ ಅಳತಿದ ಬೇಕ್ರೀ. ಸಡ್ಲ ಆತಂದ್ರ ಡಗ್ಗಾದ ಪೆಟ್ಟ ಮಾಯ.

ಸೋವಿ ಮಾಲಿನ್ಯಾಗ ಭಾಳಷ್ಟು ಬರೇ ಧಂ ಧಂ ಏರಿಸಿ ಹಾಡಾವರ ದನಿ ನುಂಗ್ತಾವ. ಅದಕ್ಕ ಡಿಜೆ ಹಾಡು ಹಚ್ಚಿ ನೋಡಬ್ಯಾಡ್ರಿ. ಭಜನಿ ಹಚ್ಚರಿ, ತಾಳ ಬಡದ ಮ್ಯಾಲ ಅದರ ಝಣ ಎಷ್ಟೊತ್ತು ಉಳೀತದ ಕೇಳ್ರಿ. ಗೋಳಗುಮ್ಮಟದಾಗ ಪಿಸುಮಾತು ಆಚಿ ಗ್ವಾಡಿ ಮುಟ್ಟತದಲ್ಲ, ಹಂಗ ಸಣ್ಣ ದನಿ ಮುಟ್ಟಸೂದ ಚೊಲೋ ಹೆಡ್‌ಫೋನು.

ಬಬಲೇಶ್ವರದ ರಸ್ತೆ ದಂಡಿಗುಂಟ ನಡಿಯಾವರಿಗೆ ಮಾತ್ರ ಸ್ಪಂಜಿಂದ ಇರಲಿ, ಹಿಂದ ಬರೂ ಟ್ರ್ಯಾಕ್ಟರ್ ಕೇಳಬೇಕು.