ಗಾಲ್ಫ್ ಆಡೋರಿಗೆ ಏನು ಗಿಫ್ಟ್ ಕೊಡೋದು?

ಪುಟ್ಟ ವಸ್ತು, ದೊಡ್ಡ ಚರಿತ್ರೆ ⛳ ಪೂರ್ತಿ ಓದಿ, ಆಮೇಲೆ ಲೈಕ್ ಒತ್ತಿ.

ನಿಮ್ಮ ಮನೇಲೋ ನೆಂಟರಲ್ಲೋ ಗಾಲ್ಫ್ ಹುಚ್ಚಿನವರು ಒಬ್ಬರಾದ್ರೂ ಇದ್ದಾರಾ? ಅವರ ಹುಟ್ಟುಹಬ್ಬ ಬಂತು ಅಂದ್ರೆ ನಮ್ಮಂಥ ಸ್ಟೂಡೆಂಟ್ಸ್‌ಗೆ ಪೇಚಾಟ. ಆ ಆಟದ ಸಾಮಾನೆಲ್ಲ ದುಬಾರಿ, ನಮ್ಮ ಜೇಬು ಖಾಲಿ.

ಮೊದಲೇ ಹೇಳಿಬಿಡ್ತೀನಿ, ಕ್ಲಬ್ ಕೊಡೋಕೆ ಹೋಗಬೇಡಿ. ಅಂಗಡೀಲಿ ಚೆಂದ ಕಂಡ ಕೋಲು ಅವರ ಎತ್ತರಕ್ಕೆ, ಕೈ ಬೀಸೋ ರೀತಿಗೆ ಹೊಂದಬೇಕಲ್ಲ? ಜೊತೆಗೆ, ಒಂದು ಸುತ್ತಿನ ಆಟಕ್ಕೆ 14ಕ್ಕಿಂತ ಹೆಚ್ಚು ಕ್ಲಬ್ ಒಯ್ಯೋ ಹಾಗಿಲ್ಲ ಅಂತ ನಿಯಮವೇ ಇದೆ. ನಿಮ್ಮದು 15ನೆಯದಾದ್ರೆ ಅದಕ್ಕೆ ಮನೆ ಮೂಲೆಯೇ ಗತಿ.

ಹಾಗಾದ್ರೆ ಏನು ಕೊಡೋದು? ಟೀ. ಕುಡಿಯೋ ಟೀ ಅಲ್ಲ! ಮೊದಲ ಹೊಡೆತಕ್ಕೆ ಚೆಂಡನ್ನ ನೆಲದಿಂದ ತುಸು ಮೇಲೆ ಕೂರಿಸೋ ಬೆರಳುದ್ದದ ಗೂಟ. ಮುರೀತಾ, ಕಳೀತಾ ಇರೋ ವಸ್ತು. ಹಾಗಾಗಿ ಎಷ್ಟಿದ್ರೂ ಬೇಕು.

ಈಗ ಚರಿತ್ರೆಗೆ ಬನ್ನಿ 👇

ಒಂದು ಕಾಲದಲ್ಲಿ ಈ ಗೂಟದ ಬಳಕೆ ಇರಲಿಲ್ಲ. ಆಟಗಾರರು ಒದ್ದೆ ಮರಳನ್ನ ಹಿಡಿಯಷ್ಟು ತಗೊಂಡು ಪುಟ್ಟ ಗೋಪುರದ ಹಾಗೆ ಒತ್ತಿ, ಅದರ ಮೇಲೆ ಚೆಂಡು ಇಡ್ತಿದ್ರು. ಪ್ರತಿ ಸಲವೂ ಬಗ್ಗಬೇಕು, ಕೈಯೆಲ್ಲ ಕೆಸರು.

ಇದು ಸಾಕಾಗಿದ್ದು ಅಮೆರಿಕದ ಬಾಸ್ಟನ್ನಿನ ಒಬ್ಬ ದಂತವೈದ್ಯರಿಗೆ. ಹೆಸರು ಡಾ. ಜಾರ್ಜ್ ಫ್ರಾಂಕ್ಲಿನ್ ಗ್ರಾಂಟ್. ಹುಟ್ಟಿದ್ದು 1846ರಲ್ಲಿ, ಕಪ್ಪು ಜನಾಂಗದ ಕುಟುಂಬದಲ್ಲಿ. ಆ ದೇಶದಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲ ಅದು. 1870ರಲ್ಲಿ ಹಾರ್ವರ್ಡ್‌ನಿಂದ ದಂತವೈದ್ಯ ಪದವಿ ಪಡೆದ್ರು. ಆಮೇಲೆ ಅಲ್ಲೇ ಪಾಠ ಮಾಡಿ, ಹಾರ್ವರ್ಡ್‌ನ ಮೊದಲ ಕಪ್ಪು ಅಧ್ಯಾಪಕರಾದ್ರು. ಸೀಳು ಅಂಗುಳಿನ ರೋಗಿಗಳಿಗೆ ಮಾತಾಡೋಕೆ ನೆರವಾಗೋ ಸಾಧನವನ್ನೂ ರೂಪಿಸಿದ್ರು.

ಈ ಡಾಕ್ಟರಿಗೆ ಗಾಲ್ಫ್ ಅಂದ್ರೆ ಪ್ರಾಣ. ಮರದ ಗೂಟದ ತುದಿಗೆ ಬಾಗೋ ರಬ್ಬರ್ ತಲೆ ಜೋಡಿಸಿ, 1899ರ ಡಿಸೆಂಬರ್ 12ರಂದು ಪೇಟೆಂಟ್ ತಗೊಂಡ್ರು. ನೆಲಕ್ಕೆ ಚುಚ್ಚಿದ್ರಾಯ್ತು, ಮರಳೂ ಬೇಡ, ಕೆಸರೂ ಇಲ್ಲ.

ಆಮೇಲೆ ಏನು ಮಾಡಿದ್ರು ಗೊತ್ತಾ? ಮಾರಾಟಕ್ಕೆ ಇಡಲೇ ಇಲ್ಲ! ಮಾಡಿಸಿದ ಟೀಗಳನ್ನ ಸ್ನೇಹಿತರಿಗೆ, ಜೊತೆಯಲ್ಲಿ ಆಡೋರಿಗೆ ಸುಮ್ಮನೆ ಹಂಚಿಬಿಟ್ರು. 1910ರಲ್ಲಿ ತೀರಿಕೊಂಡ್ರು.

1920ರ ದಶಕದಲ್ಲಿ ಇನ್ನೊಬ್ಬ ದಂತವೈದ್ಯ (ಹೌದು, ಇವರೂ ದಂತವೈದ್ಯರೇ!) ನ್ಯೂಜೆರ್ಸಿಯ ವಿಲಿಯಂ ಲೋವೆಲ್, 'ರೆಡ್ಡಿ ಟೀ' ಅನ್ನೋ ಗೂಟವನ್ನ ಮಾರುಕಟ್ಟೆಗೆ ತಂದ್ರು. ವಾಲ್ಟರ್ ಹೇಗನ್‌ನಂಥ ದೊಡ್ಡ ಆಟಗಾರರಿಗೆ ದುಡ್ಡು ಕೊಟ್ಟು ಪ್ರಚಾರ ಮಾಡಿಸಿದ್ರು. ಗೂಟ ಎಲ್ಲೆಡೆ ಹಬ್ಬಿತು, ಹೆಸರು ಲೋವೆಲ್‌ಗೆ ಬಂತು. ಅವರದ್ದು ವ್ಯಾಪಾರ, ತಪ್ಪೇನಿಲ್ಲ. ಆದರೆ ಹಂಚಿದವರ ಹೆಸರು ಮಾತ್ರ ಮಸುಕಾಯ್ತು.

ಕತೆ ಚುಚ್ಚೋದು ಇಲ್ಲಿ. 1934ರಿಂದ 1961ರವರೆಗೆ ಅಮೆರಿಕದ ವೃತ್ತಿಪರ ಗಾಲ್ಫ್ ಸಂಘದಲ್ಲಿ ಸದಸ್ಯತ್ವ ಬಿಳಿಯರಿಗೆ ಮಾತ್ರ ಅಂತ ನಿಯಮಾವಳಿಯಲ್ಲೇ ಬರೆದಿತ್ತು. ಅಂದ್ರೆ ಆಟ ಶುರುವಾಗೋದು ಟೀ ಮೇಲೆ, ಆದರೆ ಟೀಗೆ ಪೇಟೆಂಟ್ ಪಡೆದವರ ಜನಕ್ಕೇ ಒಳಗೆ ಜಾಗ ಇಲ್ಲ. ಯುನೈಟೆಡ್ ಸ್ಟೇಟ್ಸ್ ಗಾಲ್ಫ್ ಅಸೋಸಿಯೇಷನ್ ಗ್ರಾಂಟ್ ಅವರ ಕೆಲಸವನ್ನ ಅಧಿಕೃತವಾಗಿ ಗುರುತಿಸಿದ್ದು 1991ರಲ್ಲಿ. ಅವರು ಹೋಗಿ 81 ವರ್ಷ ಆದ ಮೇಲೆ!

ನಾವು ಚರಿತ್ರೆಯಲ್ಲಿ ಗೆದ್ದವರನ್ನ ಓದ್ತೀವಿ, ಮಾರಿದವರನ್ನೂ ಓದ್ತೀವಿ. ಸುಮ್ಮನೆ ಕೊಟ್ಟವರಿಗೆ ರಸೀದಿ ಇರಲ್ಲ ನೋಡಿ, ಅವರನ್ನ ಹುಡುಕಿ ಓದಬೇಕು.

ಅದಕ್ಕೇ ನನ್ನ ಸಲಹೆ 🎁 ಮರದ ಟೀಗಳ ಒಂದು ಪ್ಯಾಕೆಟ್ ತಗೊಳ್ಳಿ. ಪ್ಲಾಸ್ಟಿಕ್ ಬೇಡ, ಹುಲ್ಲಿನಲ್ಲಿ ಬಿದ್ರೆ ಹಾಗೇ ಉಳಿಯುತ್ತೆ. ಒಂದು ಚೀಟಿಯಲ್ಲಿ ಡಾ. ಗ್ರಾಂಟ್ ಹೆಸರು, 1899, ಮತ್ತು ಈ ಕತೆಯನ್ನ ನಾಲ್ಕು ಸಾಲಲ್ಲಿ ನಿಮ್ಮ ಕೈಬರಹದಲ್ಲೇ ಬರೆದು ಒಳಗಿಡಿ. ಟೀ ಎರಡು ವಾರದಲ್ಲಿ ಮುರಿದುಹೋಗಬಹುದು. ಹೆಸರು ಅವರ ಬಾಯಲ್ಲಿ ಉಳಿಯುತ್ತೆ.

ಗಾಲ್ಫ್ ಹುಚ್ಚಿನ ಆ ಒಬ್ಬರನ್ನ ಮಾತ್ರ ಇಲ್ಲಿ ಟ್ಯಾಗ್ ಮಾಡಬೇಡಿ, ಸರ್‌ಪ್ರೈಸ್ ಹಾಳಾಗುತ್ತೆ 😄

#ಪುಟ್ಟವಸ್ತುದೊಡ್ಡಚರಿತ್ರೆ #ಗಾಲ್ಫ್ #ಕನ್ನಡದಲ್ಲಿಇತಿಹಾಸ