ದಾರ, ಗುಂಡಸೂಜಿ, ಅಡಗಿಮನಿ ಕಪಾಟು

ಈಗ ಯಾರ ಮನಿಗೆ ಹೋದ್ರೂ ಇದ ಮಾತು: "ಅಡಗಿಮನಿ ಹಳೇ ಕಪಾಟೆಲ್ಲಾ ತಗಸಿ ಹೊಸಾವ ಮಾಡಸೋದದವಾ, ಆದ್ರ ಪ್ಲಾನ್ ಹೆಂಗ ಹಾಕಬೇಕು ತಿಳಿವಲ್ತು." ಅಂಗಡಿಯವರು ಕಂಪ್ಯೂಟರ್‌ನ್ಯಾಗ ಬಣ್ಣಬಣ್ಣದ ಚಿತ್ರಾ ತೋರಸ್ತಾರ. ಚಿತ್ರಾ ಛಂದ ಇರ್ತದ ಖರೆ. ಆದ್ರ ನಾವು ರೊಟ್ಟಿ ಎಲ್ಲೆ ಬಡೀತೀವಿ, ಹಿಟ್ಟಿನ ಡಬ್ಬಿಗೆ ದಿನಾ ಎಷ್ಟ ಸಲ ಹೋಗ್ತೀವಿ ಅನ್ನೋದು ಅದರಾಗ ಇರಂಗಿಲ್ಲ. ಅದನ್ನ ಅಳಿಯೋ ಸಾಮಾನು ನಮ್ಮ ಮನ್ಯಾಗ ಇರ್ತಾವ: ಚೌಕಳಿ ಹಾಳಿ, ಗುಂಡಸೂಜಿ, ದಾರ, ಟೇಪು. ಇವುಗಳ ಹಿಂದ ನೂರೈವತ್ತು ವರ್ಷದ ಕತಿ ಅದ, ಮತ್ತ ಅದು ಬಹಳಮಟ್ಟಿಗೆ ಹೆಣ್ಮಕ್ಕಳ ಕತಿ.

1869ರಾಗ ಅಮೇರಿಕಾದ ಕ್ಯಾಥರಿನ್ ಬೀಚರ್ ತನ್ನ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋ ಜೋಡಿ ಮನಿವಾರ್ತೆ ಬಗ್ಗೆ ಒಂದು ಪುಸ್ತಕ ಬರದ್ಲು. ಹಡಗದಾಗ ಅಡಗಿ ಮಾಡಾಂವಗ ಒಂದೆರಡು ಹೆಜ್ಜಿನ್ಯಾಗ ಎಲ್ಲಾ ಸಾಮಾನು ಕೈಗೆ ಸಿಗ್ತಾವ; ಮನ್ಯಾಗಿನ ಹೆಂಗಸು ಮಾತ್ರ ಈ ಮೂಲಿಯಿಂದ ಆ ಮೂಲಿಗೆ ಯಾಕ ಓಡಾಡಬೇಕು ಅನ್ನೋದು ಆಕಿ ವಿಚಾರ. ಹಿಟ್ಟು, ನಾದೋ ಹಲಗಿ, ಭಾಂಡೆ ತೊಳಿಯೋ ಜಾಗ ಎಲ್ಲಾ ಒಂದ ಸಾಲಿನ್ಯಾಗ ಇಟ್ಟು ನಕ್ಷಾ ಹಾಕಿದ್ಲು.

1912ರಾಗ ಕ್ರಿಸ್ಟೀನ್ ಫ್ರೆಡ್ರಿಕ್ ಅನ್ನಾಕಿ 'ಲೇಡೀಸ್ ಹೋಮ್ ಜರ್ನಲ್' ಪತ್ರಿಕಾದಾಗ ಲೇಖನ ಬರದ್ಲು. ಕಾರಖಾನ್ಯಾಗ ಗಡಿಯಾರ ಹಿಡದು ಕೆಲಸ ಅಳಿಯೋ ಟೇಲರ್ ಪದ್ಧತಿ ಆಗ ಜೋರಿತ್ತು. ಈಕಿ ಅದನ್ನ ಭಾಂಡೆ ತಿಕ್ಕೋದಕ್ಕ ಹಚ್ಚಿ ನೋಡಿದ್ಲು. ಆಮ್ಯಾಲೆ ಎರಡು ಅಡಗಿಮನಿ ನಕ್ಷಾ ತಗದ್ಲು: ಎರಡರಾಗೂ ಅದ ಒಲಿ, ಅದ ಸಿಂಕು, ಅದ ಕಪಾಟು. ಒಂದರಾಗ ಕೆಲಸದ ಸರತಿ ಪ್ರಕಾರ ಜೋಡಿಸಿದ್ದು, ಇನ್ನೊಂದರಾಗ ಹೆಂಗರೆ ಇಟ್ಟದ್ದು. ನಡದ ದಾರಿಗೆ ಗೆರಿ ಎಳದ ಕೂಡ್ಲೆ ಎರಡನೇದು ಜೇಡರ ಬಲಿ ಆಗಿತ್ತು.

ಲಿಲಿಯನ್ ಗಿಲ್ಬ್ರೆತ್ 12 ಮಕ್ಕಳ ತಾಯಿ, ಗಂಡನ ಜೋಡಿ ಕಾರಖಾನೆಗಳಿಗೆ ಸಲಹಾ ಕೊಡತಿದ್ದಾಕಿ. 1924ರಾಗ ಗಂಡ ತೀರಿಕೊಂಡ ಮ್ಯಾಲೆ ಒಬ್ಬ ಹೆಂಗಸಿನ ಮಾತು ಕೇಳಲಿಕ್ಕೆ ಕಾರಖಾನೆಯವರು ಹಿಂದಮುಂದ ನೋಡಿದ್ರು. ಆಕಿ ಅಡಗಿಮನಿ ಕಡೆ ತಿರಗಿದ್ಲು. 1930ರ ಸುಮಾರಿಗೆ ಬ್ರೂಕ್ಲಿನ್‌ನ ಗ್ಯಾಸ್ ಕಂಪನಿಗೆ ಹೊಸಾ ಅಡಗಿಮನಿ ಮಾಡಿಕೊಟ್ಟು, ಸ್ಟ್ರಾಬೆರಿ ಹಾಕಿದ ಕೇಕ್ ಮಾಡಿಸಿ ಎಣಿಸಿದ್ರು. ಮೊದಲ 281 ಹೆಜ್ಜಿ ಬೇಕಾಗತಿತ್ತು, ಈಗ 45 ಸಾಕಾತು. ಕೆಲಸಗೋಳು 97 ಇದ್ದದ್ದು 64 ಆದವು.

ಇನ್ನೊಬ್ಬಾಕಿ ವಿಯೆನ್ನಾದ ಮಾರ್ಗರೇಟೆ ಶ್ಯೂಟೆ-ಲಿಹೋಟ್ಸ್‌ಕಿ. 1926ರಾಗ ಜರ್ಮನಿಯ ಫ್ರಾಂಕ್‌ಫರ್ಟ್ ಊರಿನ ಕಡಿಮಿ ಬಾಡಿಗಿ ಮನಿಗಳಿಗೆ ಈಕಿ ಒಂದು ಅಡಗಿಮನಿ ಮಾಡಿದ್ಲು: ಸುಮಾರು 6 ಫೂಟ ಅಗಲ, 11 ಫೂಟ ಉದ್ದ. ಹೆಸರು ಬರದ ಅಲ್ಯುಮಿನಿಯಂ ಡಬ್ಬಿ ಸುದ್ದಾ ಕಪಾಟಿನ್ಯಾಗ ಕೂತಿದ್ವು. ಅಂಥವು ಸುಮಾರು 10,000 ಮನ್ಯಾಗ ಬಂದವು. ಈಗಿನ ಮಾಡ್ಯುಲರ್ ಕಿಚನ್ನಿಗೆ ಇದ ಮೂಲ ಅಂತಾರ.

ಆದ್ರ ಇಲ್ಲೆ ನಾವು ಒಂದ ಗಳಿಗಿ ನಿಂದ್ರಬೇಕು. ಆ ಅಡಗಿಮನ್ಯಾಗ ಒಬ್ಬಾಕೀಗೆ ಮಾತ್ರ ಜಾಗ ಇತ್ತು. ಹೆಜ್ಜಿ ಉಳೀತು, ಜೋಡಿ ಕೈ ಹಾಕೋರು ಹೊರಗ ಉಳದ್ರು. ಮುಂದ 1940ರ ದಶಕದಾಗ ಅಮೇರಿಕಾದ ಇಲಿನಾಯ್ ವಿಶ್ವವಿದ್ಯಾಲಯದವರು ಒಲಿ, ಸಿಂಕು, ಫ್ರಿಜ್ಜು ಮೂರೂ ಸೇರಿ ತ್ರಿಕೋನ ಆಗಬೇಕು, ಅದರ ಮೂರೂ ಬದಿ ಕೂಡಿಸಿದ್ರ 26 ಫೂಟ ದಾಟಬಾರದು ಅಂದ್ರು. ಲೆಕ್ಕ ಚಲೋನ ಅದ. ಆದ್ರ ಅದೂ ಒಬ್ಬಾಕಿ ಓಡಾಟದ ಲೆಕ್ಕ. ನಮ್ಮಲ್ಲೆ ಅತ್ತಿ ಕೂತು ಕಾಯಿಪಲ್ಯ ಹೆಚ್ಚತಿರ್ತಾರ, ಸೊಸಿ ರೊಟ್ಟಿ ಬಡೀತಿರ್ತಾಳ, ನಡುವ ಒಂದು ಹುಡುಗ ನೀರಿಗೆ ಬರ್ತದ.

ಅದಕ್ಕ ನಾ ಹೇಳೋದಿಷ್ಟ: ಅವರ ಅಂಕಿ ಬ್ಯಾಡ, ಅವರ ಅಳಿಯೋ ರೀತಿ ತಗೋರಿ. ಚೌಕಳಿ ಹಾಳಿ ಮ್ಯಾಲೆ ಒಂದು ಮನಿಗೆ ಅರ್ಧ ಫೂಟಿನಂಗ ನಿಮ್ಮ ಅಡಗಿಮನಿ ಬರದು ರಟ್ಟಿಗೆ ಅಂಟಸ್ರಿ. ಒಲಿ, ಸಿಂಕು, ಫ್ರಿಜ್ಜು, ಹಿಟ್ಟಿನ ಡಬ್ಬಿ, ಮಸಾಲಿ ಡಬ್ಬಿ, ಮಿಕ್ಸರ್ ಇರೋ ಕಡೆ ಗುಂಡಸೂಜಿ ಚುಚ್ಚರಿ. ಒಂದ ದಿನದ ಪೂರಾ ಅಡಗಿ ಆಗೋತನಕಾ ಮಕ್ಕಳಿಗೆ ದಾರ ಸುತ್ತಲಿಕ್ಕೆ ಹೇಳ್ರಿ, ಅತ್ತೀದು ಕೆಂಪು, ಸೊಸೀದು ಹಸರು. ದಾರ ಗಿಜಿಗಿಜಿ ಆದ ಕಡೆ ಡಬ್ಬಿ ಹತ್ರ ತರಬೇಕು. ಎರಡು ಬಣ್ಣ ಒಂದಕ್ಕೊಂದು ಅಡ್ಡ ಬಂದ ಕಡೆ ಕಪಾಟಿನ ಬಾಗಲಾ ತಗಿಯೋ ಹಂಗ ಇಡಬಾರದು.

ಕಟ್ಟಿ ಎತ್ತರಾನೂ ಹಂಗ. ಅಡಗಿ ಮಾಡಾಕಿ ನೆಟ್ಟಗ ನಿಂತು ಮೊಣಕೈ ಮಡಚಲಿ. ಮೊಣಕೈಗಿಂತ 4ರಿಂದ 6 ಇಂಚು ಕೆಳಗ ಕಟ್ಟಿ ಇದ್ರ ಹೆಗಲಿಗೂ ಸೊಂಟಕ್ಕೂ ಹಿತ. ರೊಟ್ಟಿ ಬಡಿಯೋ ಜಾಗ ಇನ್ನೂ ತುಸು ಕೆಳಗಿದ್ರ ನಡೀತದ. ಹೊಸಾ ಕಪಾಟಿನ ಅಳತಿಗೆ ಹಳೇ ಪೇಪರ್ ಕತ್ತರಿಸಿ ನೆಲಕ್ಕ ಹಾಸಿ, ಅದನ್ನ ತುಳೀದಂಗ ಎರಡ ದಿನಾ ಓಡಾಡಿ ನೋಡ್ರಿ.

ಇಷ್ಟಾದ ಮ್ಯಾಲೆ ಅಂಗಡಿಯವರ ಚಿತ್ರಾ ನೋಡ್ರಿ. ಅವರು "ಎಲ್ಲಾರ ಮನ್ಯಾಗ ಹಿಂಗ ಇರ್ತದರಿ" ಅಂದ್ರ, ನಿಮ್ಮ ರಟ್ಟು ತಗದು ಅವರ ಮುಂದ ಇಡ್ರಿ. ರೊಕ್ಕ ಕೊಡೋದಕ್ಕಿಂತ ಮೊದಲ ಮಾತ್ರ, ಕೊಟ್ಟ ಮ್ಯಾಲೆ ಅಲ್ಲ.